24 ಗಂಟೆ ದುಡಿದ ಸರ್ವೇಯರ್

2013ರ ನವೆಂಬರ್ 15, ಶುಕ್ರವಾರ. ಸಂಜೆ ಐದು ದಾಟಿತ್ತು. ಮುಂದಿನ ಬುಧವಾರ ನಮ್ಮ ಸರ್ವೇಯರ್ ಒಬ್ಬರು 24 ಗಂಟೆ ಕೆಲಸ ಮಾಡಲಿದ್ದಾರೆ ಎಂದು ನನ್ನ ಕಂಪ್ಯೂಟರು ಹೇಳಿತು. ಊಟವಿಲ್ಲ, ನಿದ್ದೆಯಿಲ್ಲ, ಹಿರಿಯೂರಿನ ಹತ್ತಿರದ ಸೇತುವೆಯ ಜಾಗದಲ್ಲಿ ಟೋಟಲ್ ಸ್ಟೇಷನ್ ಇಟ್ಟುಕೊಂಡು ಹಗಲೂ ರಾತ್ರಿ ಪೈಲುಗಳ ಗುರುತು ಹಾಕುತ್ತಾ ನಿಂತೇ ಇರುತ್ತಾರೆ. ನನಗೆ ಮೊದಲು ನಗು ಬಂತು. ಪಕ್ಕದಲ್ಲಿದ್ದ ಟ್ರೈನಿ ಹುಡುಗನನ್ನು ಕರೆದು ತೋರಿಸಿ ಅವನನ್ನೂ ನಗಿಸಿದೆ. ಆಮೇಲೆ ಮೌಸ್ ಕೆಳಕ್ಕೆ ಎಳೆದರೆ ಬಾರ್ ಬೆಂಡರುಗಳು, ಕ್ರೇನು, ಕ್ವಾಲಿಟಿ ಇಂಜಿನಿಯರು, ಎಲ್ಲರೂ 24 ಗಂಟೆಯವರೇ. ನಗು ಅಲ್ಲಿಗೆ ನಿಂತಿತು.

ಆಗ ನಾನು ಬೆಂಗಳೂರಿನಲ್ಲಿ, ಸೇತುವೆ, ಮೇಲ್ಸೇತುವೆ ಕಟ್ಟುವ ಒಂದು ಕಂಪೆನಿಯಲ್ಲಿ ಪ್ಲಾನಿಂಗ್ ಇಂಜಿನಿಯರ್. ಮನೆಯಲ್ಲಿ ಯಾರಾದರೂ ಕೇಳಿದರೆ ಅಮ್ಮ 'ಇಂಜಿನಿಯರ್' ಎಂದಷ್ಟೇ ಹೇಳುತ್ತಿದ್ದಳು. ನಾನು ಸಿಮೆಂಟು ಮುಟ್ಟುವವಳಲ್ಲ, ಹಗಲೆಲ್ಲ ಕೂತು ಪರದೆಯ ಮೇಲೆ ಉದ್ದುದ್ದ ಪಟ್ಟಿಗಳನ್ನು ಎಳೆಯುವವಳು ಎಂದು ಅವಳಿಗೆ ವಿವರಿಸುವುದು ಕಷ್ಟವಿತ್ತು. ಈ ಪಟ್ಟಿಗಳಿಗೆ ಗ್ಯಾಂಟ್ ಚಾರ್ಟ್ ಎಂದು ಹೆಸರು. ಯಾವ ಕೆಲಸ ಎಂದು ಶುರು, ಎಂದು ಮುಗಿಯುತ್ತದೆ, ಯಾವುದರ ಹಿಂದೆ ಯಾವುದು ಎಂದು ಒಂದೇ ನೋಟಕ್ಕೆ ತೋರಿಸುವ ಚಿತ್ರ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಇಂಜಿನಿಯರನ ಹೆಸರು ಅದಕ್ಕೆ ನಿಂತಿದೆ. ಆದರೆ ಅವನಿಗಿಂತ ಮೊದಲೇ, 1896ರ ಸುಮಾರಿಗೆ, ಪೋಲೆಂಡಿನ ಕರೋಲ್ ಅಡಾಮಿಯೆಟ್ಸ್ಕಿ ಎಂಬ ಇಂಜಿನಿಯರ್ ಇಂಥದ್ದೇ ಚಿತ್ರವೊಂದನ್ನು ರೂಪಿಸಿದ್ದ. ಅವನು ಬರೆದದ್ದು ಪೋಲಿಷ್ ಮತ್ತು ರಷ್ಯನ್ ಭಾಷೆಗಳಲ್ಲಿ. ಇಂಗ್ಲಿಷಿನವರ ಕಣ್ಣಿಗೆ ಬೀಳಲಿಲ್ಲ, ಹೆಸರು ಗ್ಯಾಂಟನಿಗೆ ಹೋಯಿತು. ಕನ್ನಡದಲ್ಲಿ ಬರೆಯುವವರಿಗೆ ಈ ಕಥೆಯನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ನಾವು ಬಳಸುತ್ತಿದ್ದುದು ಮೈಕ್ರೋಸಾಫ್ಟ್ ಪ್ರಾಜೆಕ್ಟ್. 11 ಕಾಮಗಾರಿಗಳಿಗೆ 11 ಫೈಲು. ಆದರೆ ಜನ ಮಾತ್ರ ಅವರವರೇ. ಮೂರು ಸರ್ವೇ ತಂಡ, ಎರಡು ದೊಡ್ಡ ಕ್ರೇನು, ಪೈಲಿಂಗ್ ರಿಗ್ಗು, ಇಂಜಿನಿಯರುಗಳು, ಎಲ್ಲ ಸೇರಿ 63 ಸಾಲು. ಇವತ್ತು ಹಿರಿಯೂರಿನಲ್ಲಿರುವ ಸರ್ವೇಯರ್ ನಾಳೆ ಇನ್ನೊಂದು ಜಿಲ್ಲೆಗೆ ಹೋಗಬೇಕು. ಪ್ರತಿ ಫೈಲೂ ತನ್ನ ಪಾಡಿಗೆ ತಾನು ಲೆಕ್ಕ ಇಟ್ಟರೆ ಒಬ್ಬನೇ ಮನುಷ್ಯನನ್ನು ಒಂದೇ ದಿನ ಮೂರು ಕಡೆ ಕರೆಯುತ್ತಾರೆ. ಅದಕ್ಕೆ ಆ ತಂತ್ರಾಂಶದಲ್ಲಿ ಒಂದು ಉಪಾಯವಿದೆ. ಜನರ ಹೆಸರು, ದರ, ರಜೆಗಳಷ್ಟೇ ಇರುವ ಒಂದು ಪ್ರತ್ಯೇಕ ಫೈಲು ಮಾಡುವುದು, ಉಳಿದ ಎಲ್ಲ ಫೈಲುಗಳನ್ನು ಅದಕ್ಕೆ ಗಂಟು ಹಾಕುವುದು. ಆ ನಡುವಿನ ಫೈಲಿಗೆ ರಿಸೋರ್ಸ್ ಪೂಲ್ ಎನ್ನುತ್ತಾರೆ. ಅದಕ್ಕೆ ಗಂಟು ಬಿದ್ದಿರುವವು ಶೇರರ್ ಫೈಲುಗಳು. ಯಾರನ್ನು ಎಲ್ಲಿಗೆ ಹಾಕಿದರೂ ಪೂಲಿಗೆ ಗೊತ್ತಾಗುತ್ತದೆ. ಎಂಟು ಗಂಟೆಗಿಂತ ಹೆಚ್ಚು ಹೊರೆ ಬಿದ್ದರೆ ಆ ಹೆಸರು ಕೆಂಪಾಗುತ್ತದೆ.

ರಿಸೋರ್ಸ್ ಎಂದರೆ ಸಂಪನ್ಮೂಲ. ನಮ್ಮ ಕಾಲೇಜಿನ ಕಮ್ಮಟಗಳಲ್ಲಿ 'ಸಂಪನ್ಮೂಲ ವ್ಯಕ್ತಿ' ಎಂದರೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನ ಮುಂದೆ ನಿಲ್ಲಿಸುವ ಗಣ್ಯರು. ಈ ಫೈಲಿನಲ್ಲಿ ಕ್ರೇನಿಗೂ ಮನುಷ್ಯನಿಗೂ ಒಂದೇ ಪಂಕ್ತಿ. 14ನೇ ಸಾಲು ರಿಗ್ಗು, 15ನೇ ಸಾಲು ಸರ್ವೇಯರಣ್ಣ. ಸಿಮೆಂಟು, ಕಬ್ಬಿಣ ಬೇರೆ ಜಾತಿ, ಅವಕ್ಕೆ ದಣಿವಿಲ್ಲ. ಮನುಷ್ಯನಿಗೂ ಯಂತ್ರಕ್ಕೂ ಮಾತ್ರ ಕ್ಯಾಲೆಂಡರ್ ಇರುತ್ತದೆ, ರಜೆ ಇರುತ್ತದೆ.

ಆ ಫೈಲಿನ ಯಜಮಾನರು ನಾನಲ್ಲ, ಧಾರವಾಡ ಕಡೆಯ ಹಿರಿಯ ಪ್ಲಾನರ್ ಒಬ್ಬರು. ದಸರೆಯಾದ ಮೇಲೆ ಅವರನ್ನು ಸೈಟಿಗೆ ಹಾಕಿದರು, ಬೀಗದ ಕೈ ನನ್ನ ಪಾಲಿಗೆ ಬಂತು. ಹೋಗುವಾಗ ಅವರು ಹೇಳಿದ್ದು ಎರಡೇ ಮಾತು. "ತಂಗಿ, ಪೂಲ್ ಫೈಲಿನ ಹೆಸರು ಬದಲಿ ಮಾಡಬ್ಯಾಡ, ಜಾಗಾನೂ ಬದಲಿ ಮಾಡಬ್ಯಾಡ. ತಿಂಗಳ ಕಡೀಕ ಇಡೀ ಫೋಲ್ಡರ್ ಕಾಪಿ ಮಾಡಿ ಇಟಗೋ." ನಾನು ತಲೆಯಾಡಿಸಿದೆ. ಆದರೆ ತಿಂಗಳಿಗೊಂದು ಕಾಪಿ ಸಾಕೇ? ನಾನು ಅವರಿಗಿಂತ ಜಾಗ್ರತೆಯವಳು ಎಂದು ತೋರಿಸಬೇಡವೇ? ನವೆಂಬರ್ 8ರ ಶುಕ್ರವಾರ ಒಂದೊಂದು ಫೈಲನ್ನೂ ತೆರೆದು, 'ಸೇವ್ ಆಸ್' ಒತ್ತಿ, ಹೆಸರಿನ ಹಿಂದೆ ತಾರೀಕು ಅಂಟಿಸಿ ಒಂದೊಂದು ಪ್ರತಿ ಮಾಡಿದೆ. 15ರಂದು ಇನ್ನೊಂದು.

ನಾನು ಮಾಡಿದ್ದು ಏನೆಂದು ಈಗ ಸುಲಭವಾಗಿ ಹೇಳಬಲ್ಲೆ. ಪೂಲ್ ತೆರೆದಿರುವಾಗ ಶೇರರ್ ಫೈಲನ್ನು ಹೊಸ ಹೆಸರಿನಲ್ಲಿ ಉಳಿಸಿದರೆ ಆ ಪ್ರತಿಯೂ ಪೂಲಿಗೆ ಗಂಟು ಬೀಳುತ್ತದೆ. ಅದು ನಕಲು ಎಂದು ಪೂಲಿಗೆ ತಿಳಿಯುವುದಿಲ್ಲ. ಇನ್ನೊಂದು ಸೇತುವೆ ಬಂತು ಎಂದುಕೊಳ್ಳುತ್ತದೆ. ಸರ್ವೇಯರಿಗೆ ಮೂಲ ಫೈಲಿನಲ್ಲಿ ಎಂಟು ಗಂಟೆ, ಮೊದಲ ಪ್ರತಿಯಲ್ಲಿ ಎಂಟು, ಎರಡನೆಯದರಲ್ಲಿ ಎಂಟು. 8ನೇ ತಾರೀಕಿನಿಂದಲೇ ಅವರು 16 ಗಂಟೆ ದುಡಿಯುತ್ತಿದ್ದರು, ನಾನು ನೋಡಿರಲಿಲ್ಲ. ನಮ್ಮ ಫೈಲಿನಲ್ಲಿ ಅರ್ಧಕ್ಕರ್ಧ ಹೆಸರುಗಳು ಸದಾ ಕೆಂಪಾಗೇ ಇರುತ್ತಿದ್ದರಿಂದ ಕೆಂಪು ಯಾರಿಗೂ ಕಾಣುತ್ತಿರಲಿಲ್ಲ.

ಆ ಸಂಜೆ ಅಷ್ಟಕ್ಕೇ ಬಿಟ್ಟು ಫೋನ್ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಪೂಲ್ ತೆರೆದು, ಗಂಟು ಬಿದ್ದಿರುವ ಫೈಲುಗಳ ಪಟ್ಟಿಯಲ್ಲಿ ಆ ನಕಲುಗಳನ್ನು ಆರಿಸಿ, ಲಿಂಕ್ ಕತ್ತರಿಸಿದ್ದರೆ ಮುಗಿಯುತ್ತಿತ್ತು. ನಾನು ಮಾಡಿದ್ದು ಬೇರೆ. ಗಾಬರಿಯಲ್ಲಿ 'ಹಳೆಯದು' ಎಂದೊಂದು ಫೋಲ್ಡರ್ ಮಾಡಿ 22 ನಕಲುಗಳನ್ನೂ ಎಳೆದು ಅದಕ್ಕೆ ತುಂಬಿದೆ. ಹಾಸಿಗೆಯ ಕೆಳಗೆ ಬಟ್ಟೆ ತುರುಕುವ ಹಾಗೆ. ಪೂಲಿನೊಳಗೆ ಆ 22 ಫೈಲುಗಳ ಹಳೆಯ ವಿಳಾಸ ಹಾಗೇ ಉಳಿದಿತ್ತು. ಅತ್ತ ಒಂದು ಸೈಟಿನವರು ನಿಧಾನದ ಲೈನಿನ ಮೇಲೆ ಅದೇ ಪೂಲನ್ನು ತೆರೆದಿದ್ದರು, ಇತ್ತ ಟ್ರೈನಿ ಹುಡುಗ ನಾನೇ ಹೇಳಿದ ಕೆಲಸಕ್ಕಾಗಿ ಅದನ್ನು ಬರೆಯುವ ಅಧಿಕಾರದೊಂದಿಗೆ ತೆರೆದ. ಉಳಿಸುವಾಗ ಪರದೆ ಬೆಳ್ಳಗಾಯಿತು. ಮತ್ತೆ ತೆರೆಯಲು ಹೋದರೆ ಪ್ರೋಗ್ರಾಮೇ ಮುಚ್ಚಿಕೊಂಡು ಹೋಗುತ್ತದೆ. ಐದು ಸಲ ನೋಡಿದೆವು, ಐದು ಸಲವೂ ಅದೇ.

ಫೈಲು ಕರಪ್ಟ್ ಆಗಿತ್ತು. ಇದನ್ನು 'ಭ್ರಷ್ಟ ಕಡತ' ಎಂದು ಅನುವಾದಿಸಿದ್ದನ್ನು ಎಲ್ಲೋ ಓದಿ ನಕ್ಕಿದ್ದೆ, ಕಡತವೇನು ಲಂಚ ತಿಂದಿತ್ತೇ ಎಂದು. ನಮ್ಮೂರಲ್ಲಾದರೆ ಹಾಲಿಗೆ ಹೇಳುವ ಮಾತನ್ನೇ ಹೇಳುತ್ತಿದ್ದರು, ಒಡೆದಿದೆ ಎಂದು. ಅದೇ ಹೆಚ್ಚು ಸರಿ. ಪಾತ್ರೆ ಅದೇ, ಬಣ್ಣ ಅದೇ, ಒಲೆಗಿಟ್ಟಾಗಲೇ ತಿಳಿಯುವುದು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಂದಿನ ಎರಡು ವಾರದ ಪಟ್ಟಿ ಎಲ್ಲ ಸೈಟುಗಳಿಗೂ ಹೋಗಬೇಕು. ಮಳೆಗಾಲ ಮುಗಿದು ಪೈಲಿಂಗ್ ಆಗಷ್ಟೇ ಶುರುವಾಗಿತ್ತು. ರಾತ್ರಿ ಎಂಟಕ್ಕೆ ಹಿರಿಯರಿಗೆ ಫೋನ್ ಮಾಡಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ.

"ಹೆದರಬ್ಯಾಡ ತಂಗಿ. ನೆಟ್‌ವರ್ಕಿನ ಮ್ಯಾಲೆ ಏನೂ ಮುಟ್ಟಬ್ಯಾಡ. ಎಲ್ಲಾ ಫೈಲ್ ನಿನ್ನ ಸಿಸ್ಟಮ್ಮಿಗೆ ಕಾಪಿ ಮಾಡಕೋ. ಪೂಲ್ ಕೆಟ್ಟರ ಕೆಡವಲ್ದ್ಯಾಕ. ಪೂಲಿನೊಳಗ ಏನೈತಿ, ಬರೀ ಮಂದಿ. ಕೆಲಸ ಎಲ್ಲಾ ಶೇರರ್ ಫೈಲಿನೊಳಗ ಐತಿ. ಅವು ಬದುಕ್ಯಾವಿಲ್ಲೋ ನೋಡು ಮದಲ."

ಶನಿವಾರ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೋದೆ. ವಾಚ್‌ಮನ್ ಅಣ್ಣ ಶಟರ್ ಅರ್ಧ ಎತ್ತಿ ಕೊಟ್ಟರು. ಒಂದೊಂದೇ ಫೈಲು ತೆರೆದೆ. ತೆರೆಯುವಾಗ ಅದು ಪೂಲನ್ನೂ ತೆರೆಯಲೇ ಎಂದು ಕೇಳುತ್ತದೆ, ಬೇಡ, ಬೇರೆ ಯಾವುದನ್ನೂ ತೆರೆಯಬೇಡ ಎನ್ನಬೇಕು. ತೆರೆದ ಮೇಲೆ ಸಂಪನ್ಮೂಲ ಹಂಚಿಕೊಳ್ಳುವ ಕಿಟಕಿಗೆ ಹೋಗಿ 'ಸ್ವಂತದ ಸಂಪನ್ಮೂಲ ಬಳಸು' ಎಂಬುದನ್ನು ಒತ್ತಬೇಕು. ಆಗ ಆ ಫೈಲು ಪೂಲಿನ ಗಂಟು ಕಳಚಿಕೊಳ್ಳುತ್ತದೆ, ತನ್ನಲ್ಲಿ ಕೆಲಸವಿರುವ ಜನರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕಳಚುವ ಮೊದಲು ಮತ್ತು ನಂತರ ಒಟ್ಟು ಕೆಲಸದ ಗಂಟೆ ಎಷ್ಟೆಂದು ಡೈರಿಯಲ್ಲಿ ಬರೆದುಕೊಂಡೆ. ಇದು ಹಿರಿಯರು ಹೇಳಿಕೊಟ್ಟದ್ದು. ಎರಡೂ ಒಂದೇ ಇದ್ದರೆ ಫೈಲು ಬದುಕಿದೆ ಎಂದು ಅರ್ಥ.

ಹತ್ತು ಬದುಕಿದ್ದವು. ಹನ್ನೊಂದನೆಯದು, ಹಿರಿಯೂರಿನದೇ, ಗಂಟು ಕಳಚುವಾಗ ಸತ್ತುಹೋಗುತ್ತಿತ್ತು. ಅದಕ್ಕೊಂದು ಮನೆಮದ್ದಿದೆ. ಫೈಲನ್ನು ಎಕ್ಸ್‌ಎಂಎಲ್ ಆಗಿ ಉಳಿಸುವುದು, ಮುಚ್ಚುವುದು, ಆ ಎಕ್ಸ್‌ಎಂಎಲ್ ಅನ್ನು ಹೊಸ ಪ್ರಾಜೆಕ್ಟ್ ಆಗಿ ತೆರೆದು ಮತ್ತೆ ಮಾಮೂಲಿ ಎಂಪಿಪಿ ರೂಪದಲ್ಲಿ ಬೇರೆ ಹೆಸರಿನಿಂದ ಉಳಿಸುವುದು. ಎಕ್ಸ್‌ಎಂಎಲ್ ಎಂದರೆ ಒಳಗಿರುವುದನ್ನೆಲ್ಲ ಬರಿಯ ಅಕ್ಷರಗಳಲ್ಲಿ ಬಿಡಿಸಿ ಬರೆದಿಟ್ಟ ರೂಪ. ಇಂಥ ಕೆಲಸ, ಇಷ್ಟು ದಿನ, ಇಂಥವನ ಹಿಂದೆ, ಇಷ್ಟೇ. ಬಣ್ಣ, ಪಟ್ಟಿಯ ದಪ್ಪ, ನಾವು ಚಂದ ಮಾಡಿಟ್ಟ ನೋಟಗಳು ಅದರೊಡನೆ ಬರುವುದಿಲ್ಲ. ಅವುಗಳ ಜೊತೆಗೆ ಎಲ್ಲೋ ಸೇರಿಕೊಂಡ ಕೊಳೆಯೂ ಸಾಮಾನ್ಯವಾಗಿ ಉದುರಿಹೋಗುತ್ತದೆ. ಮರುಹುಟ್ಟು ಪಡೆದ ಹಿರಿಯೂರು ಸೇತುವೆ ಎಲ್ಲ ಅಲಂಕಾರ ಕಳಚಿಟ್ಟು, ಒಂದೇ ನೀಲಿಯ ಪಟ್ಟಿಗಳಲ್ಲಿ ಎದ್ದು ಬಂತು. ಗಂಟೆಗಳ ಲೆಕ್ಕ ಸರಿಯಿತ್ತು. ನಾನು ಒಬ್ಬಳೇ ಚಪ್ಪಾಳೆ ಹೊಡೆದುಕೊಂಡೆ.

ಇನ್ನು ಉಳಿದದ್ದು ಹೊಸ ಪೂಲ್. ಖಾಲಿ ಫೈಲು ತೆಗೆದುಕೊಂಡು 63 ಸಾಲು ಕೈಯಿಂದ ಟೈಪ್ ಮಾಡಬಹುದಿತ್ತು. ಆದರೆ ಅಕ್ಟೋಬರ್ ಕೊನೆಗೆ ಹಿರಿಯರ ಮಾತಿನಂತೆ ಮಾಡಿಟ್ಟ ಕಾಪಿ ಇತ್ತಲ್ಲ. ಅದರ ಪೂಲ್ ಚೊಕ್ಕಟವಾಗಿ ತೆರೆದುಕೊಂಡಿತು. ಹಳೆಯ ಗಂಟುಗಳನ್ನೆಲ್ಲ ಕತ್ತರಿಸಿ ಅದನ್ನೇ ಹೊಸ ಪೂಲ್ ಮಾಡಿಕೊಂಡೆ. ಫೋನಿನಲ್ಲಿ ಹಿರಿಯರು ಹೇಳಿದರು, "ಅಕ್ಟೋಬರ್ ಆದ ಮ್ಯಾಲೆ ಏನೇನು ಬದಲಾಗೇತಿ ಒಂದ್ ಹಾಳಿ ಮ್ಯಾಲೆ ಬರಕೋ. ಆಮ್ಯಾಲೆ ಜೋಡಸು."

ಬರೆದುಕೊಂಡೆ. ಹೊಸದಾಗಿ ಸೇರಿದ ಇಬ್ಬರು ಇಂಜಿನಿಯರುಗಳು. ಕ್ರೇನಿನ ಬಾಡಿಗೆ ದರ ಏರಿದ್ದು. ಕೆಲಸ ಬಿಟ್ಟ ಒಬ್ಬ ಫೋರ್‌ಮನ್. ಒಂದೇ ಹೆಸರನ್ನು ಬೇರೆ ಬೇರೆ ಸೈಟಿನವರು ಬೇರೆ ಬೇರೆ ಕಾಗುಣಿತದಲ್ಲಿ ಬರೆದು ಒಬ್ಬರೇ ಇಬ್ಬರಾಗಿದ್ದರು, ಅದನ್ನು ಸರಿಮಾಡಿದೆ. ಈ ತಂತ್ರಾಂಶ ಜನರನ್ನು ಹೆಸರಿನಿಂದಲೇ ಗುರುತು ಹಿಡಿದು ಜೋಡಿಸುವುದು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಒಂದು 'ಎ' ಇದ್ದರೆ ಒಬ್ಬ, ಇಲ್ಲದಿದ್ದರೆ ಇನ್ನೊಬ್ಬ. ಅಷ್ಟು ಬರೆಯುವ ಹೊತ್ತಿಗೆ ಸಂಜೆಯಾಗಿ ತಲೆ ನೋಯುತ್ತಿತ್ತು. ಹಾಳೆ ತುಂಬಿದ್ದು ನೋಡಿ ಸಮಾಧಾನವಾಯಿತು.

ಭಾನುವಾರ ಹನ್ನೊಂದು ಫೈಲನ್ನೂ ಹೊಸ ಪೂಲಿಗೆ ಗಂಟು ಹಾಕಿದೆ. ಹಾಕುವಾಗ ಒಂದು ಪ್ರಶ್ನೆ ಬರುತ್ತದೆ. ಪೂಲಿನಲ್ಲಿ ಒಂದು, ಶೇರರಿನಲ್ಲಿ ಒಂದು ಇದ್ದರೆ ಯಾವುದು ಗೆಲ್ಲಬೇಕು? ಪೂಲೋ, ಶೇರರೋ? ಪೂಲ್ ಎಂದು ಮೊದಲೇ ಆರಿಸಿಟ್ಟಿರುತ್ತದೆ. ನಾನೂ ಅದನ್ನೇ ಬಿಟ್ಟೆ, ಹನ್ನೊಂದು ಸಲವೂ. ನಡುವಿನ ಫೈಲೇ ಸರಿ ಎನ್ನುವುದು ಇಡೀ ವ್ಯವಸ್ಥೆಯ ನಂಬಿಕೆ, ಅನುಮಾನ ಪಡುವುದಕ್ಕೆ ಏನಿದೆ? ಸೋಮವಾರ ಒಂಬತ್ತಕ್ಕೆ ಪಟ್ಟಿ ಹೋಯಿತು. ಯಾರೂ 24 ಗಂಟೆ ದುಡಿಯುತ್ತಿರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳಿದರು. "ಕೊನೆಗೆ ಓಪನ್ ಮಾಡಿದ್ದು ಯಾರು?" ದಾಖಲೆಯಲ್ಲಿ ಟ್ರೈನಿ ಹುಡುಗನ ಹೆಸರಿತ್ತು. "ಅವನ ಕೈಗೆ ಯಾಕ್ರೀ ಕೊಟ್ರಿ ಅದನ್ನ?" ಎಂದು ನನ್ನ ಕಡೆ ನೋಡಿದರು. ಹುಡುಗನೂ ನನ್ನ ಕಡೆ ನೋಡಿದ. ನಾನು ಡೈರಿಯಲ್ಲಿ ಏನೋ ಬರೆಯುವವಳಂತೆ ತಲೆ ತಗ್ಗಿಸಿದೆ. "ಇನ್ಮೇಲೆ ಕೊಡಲ್ಲ ಸರ್" ಎಂದೆ. ಅಂದು ಮಧ್ಯಾಹ್ನವೇ ಆ ಫೋಲ್ಡರಿಗೆ ಅವನ ಪ್ರವೇಶ ತೆಗೆದುಹಾಕಿದರು. ಊಟಕ್ಕೆ ಅವನು ನಮ್ಮ ಮೇಜಿಗೆ ಬರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ.

ಮುಂದಿನ ವಾರ, 26ರ ಮಂಗಳವಾರ, ಸರ್ವೇಯರಣ್ಣ ಆಫೀಸಿಗೆ ಬಂದರು. ಐವತ್ತರ ಮೇಲಿನ ವಯಸ್ಸು, ಮಂಡ್ಯ ಕಡೆಯವರು, ಬಿಸಿಲಿಗೆ ಕತ್ತಿನ ಹಿಂಭಾಗ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಎಲ್ಲರ ಮೇಜಿಗೂ ಒಂದೊಂದು ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಬಂದರು. ಒಳಗೆ ಬೂಂದಿ ಲಾಡು, ಒಂದು ಹಿಡಿ ಖಾರ, ತಾಂಬೂಲ. ಮಗಳ ಮದುವೆ ಮುಗಿಸಿ ಬಂದಿದ್ದರು. ನನ್ನ ಮೇಜಿನ ಮುಂದೆ ನಿಂತು ಕವರು ಇಟ್ಟು, ಸ್ವಲ್ಪ ಹೊತ್ತು ನಿಂತೇ ಇದ್ದರು.

"ಮೇಡಂ, ನನ್ ರಜೆ ಚೀಟಿ ನಿಮ್ ಕೈಗೆ ಸಿಕ್ಕಿರ್ಲಿಲ್ವಾ?"

ಸಿಕ್ಕಿತ್ತು. ದೀಪಾವಳಿ ಮುಗಿದ ವಾರ, ಲಗ್ನಪತ್ರಿಕೆಯ ಜೊತೆಗೇ ಅವರು ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಗುರುವಾರ 21ರಿಂದ ಸೋಮವಾರ 25ರವರೆಗೆ. ನಾನೇ ಅವರ ಎದುರಿಗೇ ಪೂಲ್ ತೆರೆದು ಅವರ ಕ್ಯಾಲೆಂಡರಿನಲ್ಲಿ ಆ ದಿನಗಳನ್ನು ರಜೆ ಎಂದು ಗುರುತಿಸಿದ್ದೆ. ಒಮ್ಮೆ ಫೈಲಿಗೆ ಹಾಕಿದ ಮೇಲೆ ನನ್ನ ತಲೆಯಿಂದ ಅದು ಇಳಿದುಹೋಯಿತು. ಅಕ್ಟೋಬರಿನ ಕಾಪಿಯಲ್ಲಿ ಆ ರಜೆ ಇರಲು ಸಾಧ್ಯವಿರಲಿಲ್ಲ. ನನ್ನ ಹಾಳೆಯಲ್ಲಿ ಕ್ರೇನಿನ ಬಾಡಿಗೆ ಇತ್ತು, ರಜೆಗಳು ಇರಲಿಲ್ಲ. ಹಿರಿಯೂರು ಫೈಲಿನಲ್ಲಿ, ಎಕ್ಸ್‌ಎಂಎಲ್ ದಾಟಿ ಬದುಕಿ ಬಂದ ಆ ನೀಲಿ ಫೈಲಿನಲ್ಲಿ, ಅವರ ರಜೆ ಹಾಗೇ ಇದ್ದಿರಬೇಕು. ಪೂಲೇ ಗೆಲ್ಲಲಿ ಎಂದು ಭಾನುವಾರ ನಾನು ಒತ್ತಿದ ಗುಂಡಿ ಅದನ್ನೂ ಅಳಿಸಿತು.

"ಇಲ್ಲಾ, ಬೇಜಾರಿಗೆ ಕೇಳ್ತಿಲ್ಲ ಮೇಡಂ. ಲಿಸ್ಟಲ್ಲಿ ರಜೆ ಇಲ್ಲ, ಶನಿವಾರದವರ್ಗೂ ಪೈಲ್ ಮಾರ್ಕಿಂಗ್ ಐತೆ ಅಂದ್ರು ಸೈಟ್ ಮ್ಯಾನೇಜರು. ಕಂಪ್ಯೂಟರ್ ಲಿಸ್ಟಲ್ವಾ, ಮೇಲಿಂದ ಕಟ್ ಮಾಡವ್ರೆ ಅಂದ್ಕೊಂಡೆ. ಶುಕ್ರವಾರ ರಾತ್ರಿ ಕೈ ಕಾಲು ಹಿಡ್ದು ಬಸ್ ಹತ್ತುದೆ."

ಭಾನುವಾರ ಧಾರೆ. ಶುಕ್ರವಾರ ಚಪ್ಪರ. ಅಪ್ಪ ನಿಂತು ಹಾಲುಗಂಬ ನೆಡಿಸಬೇಕಾದ ದಿನ ಅವರು ಹಿರಿಯೂರಿನ ಬಿಸಿಲಿನಲ್ಲಿ ಮೂರು ಕಾಲಿನ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದರು.

"ಚಪ್ಪರ?" ಎಂದೆ.

"ತಮ್ಮ ಹಾಕ್ಸ್ದ" ಎಂದರು. "ಮಗಳು ಒಂದು ವಾರ್ತೆ ಮಾತಾಡ್ಸಲಿಲ್ಲ ಅಷ್ಟೆ. ಆಮೇಲೆ ಸರಿ ಹೋಯ್ತು. ಲಾಡು ತಿನ್ನಿ ಮೇಡಂ."

ನಾನು ಆಗಲೂ ಹೇಳಲಿಲ್ಲ. "ಫೈಲು ಕೆಟ್ಟುಹೋಗಿತ್ತು ಅಣ್ಣ" ಎಂದೆ. ಅದು ಸುಳ್ಳಲ್ಲ. ಅವರು ಹೋದ ಮೇಲೆ ಡ್ರಾಯರ್ ಎಳೆದೆ. ಲಗ್ನಪತ್ರಿಕೆ ಮೇಲೇ ಇತ್ತು, ಅರಿಶಿನದ ಮೂಲೆ ಸಮೇತ. ಅದರ ಮೇಲೆ ನನ್ನ ಸ್ಟೇಪ್ಲರ್ ಇಟ್ಟಿದ್ದೆ.

ಆ ರಾತ್ರಿ ನನಗೆ ಅಜ್ಜಿಯ ಗೋಡೆ ನೆನಪಾಯಿತು. ನಮ್ಮದು ಮಲೆನಾಡಿನ ಹಳ್ಳಿ. ನಾಟಿ, ಕೊಯ್ಲಿನ ಕಾಲದಲ್ಲಿ ಕೂಲಿಗೆ ಕೊಡಲು ದುಡ್ಡಿಲ್ಲದ ಮನೆಗಳು ಮುಯ್ಯಾಳು ಮಾಡಿಕೊಳ್ಳುತ್ತಿದ್ದವು. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು. ಆರೇಳು ಮನೆಗಳ ಆ ಲೆಕ್ಕವನ್ನು ಅಜ್ಜಿ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟುಗಳಲ್ಲಿ ಇಟ್ಟಿದ್ದಳು. ಮನೆಗೊಂದು ಸಾಲು. ನಾವು ಕೊಟ್ಟದ್ದು ನಿಂತ ಗೀಟು, ಅವರು ಬಂದದ್ದು ಅಡ್ಡ ಗೀಟು. ಒಂದು ವರ್ಷ ದೀಪಾವಳಿಗೆ ಮುಂಚೆ ಚಿಕ್ಕಪ್ಪ ಮನೆ ಚಂದ ಮಾಡುವ ಹುರುಪಿನಲ್ಲಿ ಇಡೀ ಅಡುಗೆಮನೆಗೆ ಸುಣ್ಣ ಬಳಿದರು. ಕೊಯ್ಲು ಎದುರಿಗಿತ್ತು.

ಅಜ್ಜಿ ಚಿಕ್ಕಪ್ಪನಿಗೆ ಏನು ಹೇಳಿದಳೋ ಬರೆಯುವ ಹಾಗಿಲ್ಲ. ಆದರೆ ಅವಳು ತನ್ನ ನೆನಪಿನಿಂದ ಗೀಟು ಎಳೆಯಲು ಕೂರಲಿಲ್ಲ. ಎಲೆ ಅಡಿಕೆ ಸಂಚಿ ಸಿಕ್ಕಿಸಿಕೊಂಡು, ನನ್ನ ಕೈ ಹಿಡಿದುಕೊಂಡು ಮನೆಮನೆಗೆ ಹೋದಳು. ಜಗಲಿಯಲ್ಲಿ ಕೂತು, "ನಮ್ಮನೆ ಲೆಕ್ಕ ನಿಮ್ಮ ಹತ್ರ ಎಷ್ಟು ಉಂಟು ಹೇಳು ಮಾರಾಯ್ತಿ" ಎಂದು ಕೇಳುತ್ತಿದ್ದಳು. ತನ್ನ ಅಂದಾಜು ಮೊದಲು ಹೇಳುತ್ತಿರಲಿಲ್ಲ. ಅವರು ಹೇಳಿದ ಮೇಲೆ ಹೊಂದಿದರೆ ಸರಿ, ಹೊಂದದಿದ್ದರೆ ಯಾವ ದಿನ ಯಾರ ಗದ್ದೆ, ಅವತ್ತು ಮಧ್ಯಾಹ್ನ ಸಾರು ಏನಿತ್ತು ಎಂದೆಲ್ಲ ಮಾತಾಡಿ ಸಾಲು ಹೊಂದಿಸುತ್ತಿದ್ದರು. ಒಂದು ಮನೆಯವರು ಮೂರು ಆಳು ಹೆಚ್ಚಿಗೆ ಹೇಳಿದರು ಎಂದು ಅಜ್ಜಿಗೆ ಸಾಯುವವರೆಗೂ ಅನುಮಾನವಿತ್ತು. ಆದರೂ ಆ ಮೂರನ್ನು ಗೋಡೆಯ ಮೇಲೆ ಎಳೆದಳು, ಆ ವರ್ಷ ತೀರಿಸಿದಳು ಕೂಡ.

ಬುಧವಾರ ನಾನು ಮೊದಲು ಮಾಡಿದ್ದು ಮ್ಯಾನೇಜರರ ಕೋಣೆಗೆ ಹೋದದ್ದು. ನಕಲುಗಳು, 'ಹಳೆಯದು' ಫೋಲ್ಡರು, ಅಕ್ಟೋಬರ್ ಕಾಪಿ, ಎಲ್ಲ ಹೇಳಿದೆ. ಅವರು ಒಂದು ಕೈಯಲ್ಲಿ ಫೋನ್ ಹಿಡಿದೇ ಕೇಳಿದರು. "ಹೌದಾ. ಸರಿ, ಈಗ ಪಟ್ಟಿ ಸರಿ ಇದೆ ತಾನೆ?" ಎಂದರು. ಅಷ್ಟೇ. ನಾನು ಹತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದು ಅವರಿಗೆ ಒಂದು ನಿಮಿಷದ್ದೂ ಆಗಿರಲಿಲ್ಲ. ಹುಡುಗನ ಪ್ರವೇಶ ವಾಪಸ್ ಕೊಡಿಸಿದೆ. ಅವನಿಗೂ ಹೇಳಿದೆ. ಅವನು "ಗೊತ್ತಿತ್ತು ಮೇಡಂ" ಎಂದ. ಹೇಗೆ ಎಂದು ಕೇಳಲಿಲ್ಲ. ಪ್ರತಿಗಳ ಹಿಂದೆ ತಾರೀಕು ಹಾಕಿದ್ದವಳು ನಾನೇ ಅಲ್ಲವೇ. ಆರು ತಿಂಗಳ ಮೇಲೆ ಅವನು ಬೇರೆ ಕಂಪೆನಿಗೆ ಹೋದ. ಅಲ್ಲಿಯವರೆಗೂ ನನ್ನೊಡನೆ ಚೆನ್ನಾಗೇ ಇದ್ದ, ಆದರೆ ಮೊದಲಿನ ಹಾಗೆ ತಮಾಷೆ ಮಾಡುತ್ತಿರಲಿಲ್ಲ.

ಆಮೇಲೆ ಮೂರು ದಿನ ಫೋನ್ ಹಿಡಿದು ಕೂತೆ. 63 ಸಾಲಿನಲ್ಲಿ ಯಂತ್ರಗಳನ್ನು ಬಿಟ್ಟರೆ 54 ಜನ. ಒಬ್ಬೊಬ್ಬರಿಗೂ ಕರೆ ಮಾಡಿ, ನನ್ನ ಫೈಲಿನಲ್ಲಿ ಏನಿದೆ ಎಂದು ಹೇಳದೆ, "ಮಾರ್ಚ್‌ವರೆಗೆ ನಿಮ್ಮ ರಜೆ ಯಾವ್ಯಾವಾಗ, ಯಾವ ಸೈಟಿನಲ್ಲಿ ಎಷ್ಟು ದಿನ ಇರ್ತೀರಿ ಅಂತ ನಿಮ್ಮ ಲೆಕ್ಕ?" ಎಂದು ಕೇಳಿದೆ. ಇನ್ನೂ ನಾಲ್ವರ ರಜೆ ಅಳಿಸಿಹೋಗಿತ್ತು. ಒಬ್ಬರದ್ದು ಶಬರಿಮಲೆ, ಒಬ್ಬರ ಹೆಂಡತಿಯ ಹೆರಿಗೆ, ಇಬ್ಬರದ್ದು ಊರಿನ ಜಾತ್ರೆ. ಅವು ಯಾವುವೂ ಇನ್ನೂ ಬಂದಿರಲಿಲ್ಲ. ಫೈಲು ಎಂದೂ ಹೇಳದ ಸಂಗತಿಗಳೂ ಬಂದವು. ಒಬ್ಬ ಬಾರ್ ಬೆಂಡರಿಗೆ ಬೆರಳಿಗೆ ಪೆಟ್ಟಾಗಿ ಎರಡು ವಾರದಿಂದ ಅವನ ಬದಲು ಅವನ ಷಡ್ಡಕ ಕೆಲಸ ಮಾಡುತ್ತಿದ್ದ. ನಮ್ಮ ಪೂಲಿನಲ್ಲಿ ಇಲ್ಲದ ಮನುಷ್ಯ ದಿನಕ್ಕೆ ಎಂಟು ಗಂಟೆ ಕಬ್ಬಿಣ ಬಗ್ಗಿಸುತ್ತಿದ್ದ.

ತಾಂತ್ರಿಕವಾಗಿ ನಾವು ಬದಲಿಸಿದ್ದು ಹೆಚ್ಚೇನಿಲ್ಲ. ಪೂಲ್ ಫೈಲಿನಲ್ಲಿ ಕೆಲಸಗಳನ್ನು ಇಡಲಿಲ್ಲ, ಬರೀ ಜನ. ಅದನ್ನು ಬರೆಯುವ ಅಧಿಕಾರದಲ್ಲಿ ತೆರೆಯುವುದು ಒಬ್ಬರೇ, ಅದೂ ಆಫೀಸಿನೊಳಗಿನ ಯಂತ್ರದಿಂದ. ಉಳಿದವರು ಓದಲು ಮಾತ್ರ. ಸೇವ್ ಆಸ್ ಇಲ್ಲ, ಎಲ್ಲ ಮುಚ್ಚಿದ ಮೇಲೆ ಇಡೀ ಫೋಲ್ಡರ್ ಕಾಪಿ. ಇದರ ಜೊತೆಗೆ ನನ್ನ ಒತ್ತಾಯಕ್ಕೆ ಒಂದು ನೂರು ಪುಟದ ರೂಲ್ಡ್ ನೋಟ್‌ಬುಕ್ ಬಂತು. ರಜೆ ಕೇಳಿದವರು ಅದರಲ್ಲಿ ತಾವೇ ಬರೆದು ಸಹಿ ಮಾಡುವುದು. ಮ್ಯಾನೇಜರ್ ಅದನ್ನು ಕಂಡು, "ಸಾಫ್ಟ್‌ವೇರ್ ತಗೊಂಡಿದ್ದು ಯಾಕೆ ಮತ್ತೆ?" ಎಂದು ನಕ್ಕರು.

ಸರ್ವೇಯರಣ್ಣನಿಗೆ ನಾನು ಹೇಳಿದ್ದು ಜನವರಿಯಲ್ಲಿ, ಸಂಕ್ರಾಂತಿಯ ಎಳ್ಳು ಕೊಡುವಾಗ. ಫೈಲು ತಾನಾಗಿ ಕೆಡಲಿಲ್ಲ, ನಾನು ಕೆಡಿಸಿದೆ, ನಿಮ್ಮ ರಜೆ ಅಳಿಸಿದವಳು ನಾನೇ ಎಂದೆ. ಅವರು ಎಳ್ಳು ಬೆಲ್ಲ ಅಂಗೈಯಲ್ಲೇ ಇಟ್ಟುಕೊಂಡು ಸ್ವಲ್ಪ ಯೋಚಿಸಿದರು.

"ಎಲ್ಲೈತೆ ನನ್ ಸಾಲು, ತೋರ್ಸಿ" ಎಂದರು.

ತೋರಿಸಿದೆ. ಇಂಗ್ಲಿಷಿನಲ್ಲಿ ಬರೆದ ತಮ್ಮ ಹೆಸರನ್ನು ಅಕ್ಷರ ಕೂಡಿಸಿ ಓದಿಕೊಂಡರು. ಮೇಲಿನ ಸಾಲು ರಿಗ್ಗಿನದು ಎಂದು ಗೊತ್ತಾದಾಗ ನಕ್ಕರು. ಅವರ ಕ್ಯಾಲೆಂಡರ್ ತೆರೆದು ನವೆಂಬರಿಗೆ ಹೋದೆ. ಆಗಿಹೋದ ದಿನಗಳಾದರೂ 23ರಿಂದ 25ರವರೆಗೆ ರಜೆ ಎಂದು ನಾನು ಆಮೇಲೆ ಗುರುತು ಹಾಕಿಟ್ಟಿದ್ದೆ. 21 ಮತ್ತು 22ರ ಮನೆಗಳಲ್ಲಿ ಎಂಟೆಂಟು ಗಂಟೆ ಕೆಲಸ ಇತ್ತು. ಅವರು ಬೆರಳಿಟ್ಟು ಒಂದೊಂದೇ ಮನೆ ಎಣಿಸಿದರು. "ಸರಿಯಾಗೈತೆ" ಎಂದರು. ಅಂದಿನಿಂದ ಆಫೀಸಿಗೆ ಬಂದಾಗಲೆಲ್ಲ ನನ್ನ ಹಿಂದೆ ಬಂದು ನಿಂತು, ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೂ ಪರದೆಯ ಸಾಲನ್ನೂ ತಾಳೆ ನೋಡಿಯೇ ಹೋಗುತ್ತಿದ್ದರು. ಅವರನ್ನು ನೋಡಿ ಇನ್ನೂ ನಾಲ್ಕಾರು ಜನ ಶುರುಮಾಡಿದರು. ತಿಂಗಳ ಮೊದಲ ಸೋಮವಾರ ನನ್ನ ಮೇಜಿನ ಹಿಂದೆ ರೇಷನ್ ಅಂಗಡಿಯ ಸಾಲು.

ನಾನು ಆ ಕಂಪೆನಿ ಬಿಡುವ ಹಿಂದಿನ ವರ್ಷ ಅವರು ನಿವೃತ್ತರಾದರು. ಹೊಸದಾಗಿ ಬಂದ ಹುಡುಗಿಯೊಬ್ಬಳು ಪೂಲ್ ಸ್ವಚ್ಛ ಮಾಡುತ್ತಾ, "ಅಕ್ಕಾ, 15ನೇ ಸಾಲು ಡಿಲೀಟ್ ಮಾಡ್ಲಾ?" ಎಂದು ಕೇಳಿದಳು. ಬೇಡ ಎಂದೆ. ಸಾಲು ಅಳಿಸಿದರೆ ಆ ಮನುಷ್ಯ ಅದುವರೆಗೆ ಮಾಡಿದ ಕೆಲಸದ ಲೆಕ್ಕವೂ ಫೈಲುಗಳಿಂದ ಹೊರಟುಹೋಗುತ್ತದೆ. ಇಂಥ ದಿನದಿಂದ ಲಭ್ಯತೆ ಸೊನ್ನೆ ಎಂದು ಹಾಕಿದರೆ ಸಾಕು, ಸಾಲು ಹಾಗೇ ಇರುತ್ತದೆ. ಅವಳಿಗೆ ಅದನ್ನು ತೋರಿಸಿಕೊಟ್ಟೆ. ತಾರೀಕು ಕೇಳಿದಳು. ನಾನು ನೋಟ್‌ಬುಕ್ ತೆಗೆದು, ಅವರ ಕೈಬರಹದಲ್ಲಿದ್ದ ತಾರೀಕನ್ನು ಓದಿ ಹೇಳಿದೆ.